ಒನಕೆಗೊಂದು ಗುಂಡು

ಕೇಶ್ವಾಪುರ, ಹುಬ್ಬಳ್ಳಿ
೪ ಏಪ್ರಿಲ್ ೧೯೬೪

ಗೆಳೆಯ ಶರೀಫಸಾಬನಿಗೆ,

ನಿನ್ನ ಗಾಯ ಮಾಯುತ್ತಿದೆಯೆಂದು ಕಮರಿಪೇಟೆಗೆ ಹೋಗಿ ಕೇಳಿ ತಿಳಿದುಕೊಂಡೆ. ಮಗಳು ಅಬೀದಾ ನಿನ್ನನ್ನು ಗರಗಕ್ಕೆ ತನ್ನ ಮನೆಗೆ ಕರೆದುಕೊಂಡು ಹೋದದ್ದು ಒಳ್ಳೆಯದೇ ಆಯಿತು. ಬೀಗ, ಸ್ಟೋ ದುರಸ್ತಿ ಎಂದರೆ ದಿನವಿಡೀ ಕೂತು ಮಾಡುವ ಕೆಲಸ. ಸದ್ಯಕ್ಕೆ ಕೂಡ್ರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಹುದು ಎಂದು ಡಾಕ್ಟರು ನಿನಗೆ ಹೇಳಿದ್ದಾರಂತೆ.

ನನ್ನ ಹೆಂಡತಿಯ ಅಕ್ಕನ ಮಗ ಅರ್ಜುನಪ್ಪ ಹೋದ ವರ್ಷ ವಕೀಲನಾದದ್ದು ನಿನಗೆ ಗೊತ್ತೇ ಇದೆ. ನನ್ನದು ಅವನ ಮೊದಲನೆಯ ಕೇಸು. ಜಾಮೀನಿನ ಮೇಲೆ ಹೊರಗಿರುವ ಆರೋಪಿ ಸಾಕ್ಷಿದಾರನನ್ನು ಭೇಟಿಯಾಗಲೇಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಾನೆ. ಪತ್ರದ ವಿಷಯ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನು ಇದನ್ನು ಓದಿ ಹರಿದು ಹಾಕು.

ಆದದ್ದು ಆಗಿಹೋಯಿತು. ತಪ್ಪು ಯಾರದೆಂದು ಶಾಂತವಾಗಿ ವಿಚಾರ ಮಾಡೋಣ. ಮಾರ್ಚ್ ಇಪ್ಪತ್ತೇಳು, ಶುಕ್ರವಾರ, ದೀಪ ಹಚ್ಚುವ ಹೊತ್ತು. ಆ ವಾರ ನಮ್ಮ ಓಣಿಯಲ್ಲಿ ಎರಡು ಮನೆ ಕಳವಾಗಿದ್ದವು. ನಾನು ಬಂದೂಕಿನಲ್ಲಿ ತೋಟಾ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ನೋಡುತ್ತೇನೆ, ಕಂಪೌಂಡ್ ಗೋಡೆಯ ಮೇಲೆ ಒಬ್ಬ ಮನುಷ್ಯ. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಹೆಗಲ ಮೇಲೆ ಉದ್ದನೆಯದೇನೋ ಒಂದು. ನಾನು ಹೊಡೆದೆ. ಅದು ನೀನು, ಹೆಗಲ ಮೇಲಿದ್ದದ್ದು ನನ್ನ ಹೆಂಡತಿ ದುರಗವ್ವನ ಒನಕೆ ಎಂದು ತಿಳಿದದ್ದು ನೀನು ಆ ಕಡೆ ಬಿದ್ದು ನಮ್ಮಪ್ಪನ ಹೆಸರೆತ್ತಿ ಬೈಯಲು ಸುರುಮಾಡಿದ ಮೇಲೆ. ಎರಡನೆಯ ಬೈಗುಳಕ್ಕೇ ನಾನು ನಿನ್ನ ಗುರುತು ಹಿಡಿದೆ ಎಂಬುದನ್ನು ನೀನು ಒಪ್ಪಲೇಬೇಕು. ಟಾಂಗಾ ತಂದು ದವಾಖಾನೆಗೆ ಒಯ್ದವನೂ ನಾನೇ.

ಈಗ ಕಾಯಿದೆಯ ಮಾತು. ತನ್ನ ಜೀವ ಮತ್ತು ಆಸ್ತಿಯನ್ನು ಕಾಯ್ದುಕೊಳ್ಳುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ. ನಾನು ಹೊಡೆದದ್ದು ಕಳ್ಳನನ್ನು. ಆ ಕಳ್ಳ ಆಮೇಲೆ ನೀನಾಗಿ ನಿಂತೆ. ಹೀಗಿರುವಾಗ ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನಿನಗೆ ಕಾಯಿದೆಯಲ್ಲಿ ಯಾವ ಆಧಾರವೂ ಇಲ್ಲ.

ದುರಗವ್ವ ನಿನ್ನನ್ನು ಕೇಳಿದ್ದಾಳೆ. ಒನಕೆಯನ್ನೂ ಕೇಳಿದ್ದಾಳೆ. ಅದನ್ನು ಪೊಲೀಸರು ಪುರಾವೆ ಎಂದು ಒಯ್ದು, ಕೊರಳಿಗೆ ಚೀಟಿ ಕಟ್ಟಿ, ನನ್ನ ಬಂದೂಕಿನ ಮಗ್ಗುಲಲ್ಲೇ ನಿಲ್ಲಿಸಿದ್ದಾರೆ.

ನಿನ್ನ ಗೆಳೆಯ,
ಮೈಲಾರಪ್ಪ


ಗರಗ
೯ ಏಪ್ರಿಲ್ ೧೯೬೪

ಬಂದೂಕಿನ ಮಾಲೀಕರಾದ ಮೈಲಾರಪ್ಪ ಸಾಹೇಬರ ಸನ್ನಿಧಿಗೆ,

ತಮ್ಮ ಕಾಗದ ಬಂತು. ಬೋರಲು ಮಲಗಿ ಉತ್ತರ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಾದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ಓದಿ ಹರಿದು ಹಾಕಲು ಅಪ್ಪಣೆಯಾಗಿದೆ. ಬೋರಲು ಮಲಗಿದವನ ಮೂಗಿನ ಮೇಲೆ ಕನ್ನಡಕ ನಿಲ್ಲುವುದಿಲ್ಲವಾದ್ದರಿಂದ ಅಬೀದಾಳೇ ಗಟ್ಟಿಯಾಗಿ ಓದಿದಳು. ಅವಳ ಪಡಸಾಲೆಯಲ್ಲಿ ಖಾದಿ ನೂಲು ತೆಗೆಯುವ ನಾಲ್ಕಾರು ಹೆಂಗಸರು ದಿನಾಲೂ ಇರುತ್ತಾರೆ. ಅವರೂ ರಾಟೆ ನಿಲ್ಲಿಸಿ ಕೇಳಿದರು. "ಕಳ್ಳ ನೀನಾಗಿ ನಿಂತೆ ಅನ್ನೂದು ಇನ್ನೊಮ್ಮೆ ಓದವಾ" ಎಂದು ರೆಹಮತ್‌ಬಿ ಎಂಬ ಮುದುಕಿ ಓದಿಸಿಕೊಂಡಳು.

ಡಾಕ್ಟರು ತೆಗೆದ ಛರ್ರೆಗಳನ್ನು ನೋಡಿದೆ. ಸಾಸಿವೆಯಷ್ಟು ಸಣ್ಣವು, ಹಕ್ಕಿ ಹೊಡೆಯುವಂಥವು. ಕೆಲವು ಇನ್ನೂ ಒಳಗಿವೆ. "ಅವು ಅಲ್ಲೇ ಇರ್ಲಿ, ಏನೂ ತ್ರಾಸಿಲ್ಲ" ಎಂದರು. ತ್ರಾಸು ಯಾರಿಗಿಲ್ಲ ಎಂದು ಬಿಡಿಸಿ ಹೇಳಲಿಲ್ಲ.

ಸಾಹೇಬರು ತಾರೀಖು ಬರೆದಿದ್ದೀರಿ, ವಾರ ಬರೆದಿದ್ದೀರಿ. ಅವತ್ತು ಏನು ಇತ್ತು ಎಂದು ಮಾತ್ರ ಬರೆದಿಲ್ಲ. ಅವತ್ತು ಹೋಳಿ ಹುಣ್ಣಿಮೆಯ ಹಿಂದಿನ ಸಂಜೆ. ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು, ಮುರುಕು ಹೊರಸು, ಸಿಕ್ಕಿದ್ದನ್ನೆಲ್ಲ ಕದ್ದೇ ತರಬೇಕು, ಬೇಡಿ ತಂದರೆ ನಡೆಯುವುದಿಲ್ಲ, ಕಳಕೊಂಡವನು ಕಳ್ಳ ಅನ್ನುವಂತಿಲ್ಲ. ಈ ಪದ್ಧತಿಯನ್ನು ನನಗೆ ಕಲಿಸಿದವರು ಯಾರು? ಕಮರಿಪೇಟೆಯ ಸಾಲಿ ಮಾಸ್ತರರ ಕುರ್ಚಿಯನ್ನು ಕಾಮಣ್ಣನ ಪಾಲು ಮಾಡಿದವರು ಯಾರು? ಅವತ್ತು ಕುರ್ಚಿಯ ಮುಂದಿನ ಎರಡು ಕಾಲು ನಾನು ಹಿಡಿದಿದ್ದೆ, ಹಿಂದಿನವು ತಮ್ಮ ಕೈಯಲ್ಲಿದ್ದವು. ಆಮೇಲೆ ಪ್ರತಿ ವರ್ಷ ನಾನು ತಮ್ಮ ಮನೆಯಲ್ಲಿ, ತಾವು ನನ್ನ ಮನೆಯಲ್ಲಿ ಕದ್ದಿದ್ದೇವೆ. ತಲೆ ನೆರೆತ ಮೇಲೂ ಬಿಡಲಿಲ್ಲ. ತಾವು ಕೇಶ್ವಾಪುರಕ್ಕೆ ಹೋದ ಮೇಲೆ ಕ್ಯಾಲೆಂಡರಿನಲ್ಲಿ ಹುಣ್ಣಿಮೆಗಳು ಬರುವುದು ನಿಂತಿದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ಕಳ್ಳತನ. ತಮ್ಮ ಗೇಟಿನ ಬೀಗ ಮಾಡಿದವನು ನಾನು. ಅದರ ಎರಡನೆಯ ಕೀಲಿ ನನ್ನ ಅಂಗಡಿಯ ಮೊಳೆಗೆ ತೂಗುಬಿದ್ದಿದೆ. ಕಳ್ಳತನವೇ ಮಾಡುವುದಿದ್ದರೆ ಐವತ್ತೇಳು ವರ್ಷದವನು ಗೋಡೆ ಯಾಕೆ ಹತ್ತಲಿ?

ಕಡೆಯದಾಗಿ ಒಂದು ಮಾತು. ತಾವು ಒಂದು ಸಲ "ಯಾರಂವಾ" ಎಂದು ಒದರಿದ್ದರೆ ಸಾಕಿತ್ತು. "ನಾನೋ" ಅನ್ನುತ್ತಿದ್ದೆ. ತಮ್ಮ ಬಾಗಿಲಲ್ಲಿ ನಿಂತು ನಾನು ಇಷ್ಟು ವರ್ಷ ಬೇರೆ ಏನೂ ಅಂದದ್ದಿಲ್ಲ.

ಇಂತಿ ತಮ್ಮ ಗುರಿಗೆ ಸಿಕ್ಕವನು,
ಶರೀಫಸಾಬ


ಕೇಶ್ವಾಪುರ
೧೫ ಏಪ್ರಿಲ್ ೧೯೬೪

ಶರೀಫಸಾಬ,

ನೀನು ತಾವು-ಗೀವು ಅನ್ನುವುದನ್ನು ಬಿಡು. ಕೋರ್ಟಿನ ನೋಟೀಸು ಓದಿದ ಹಾಗಾಗುತ್ತದೆ.

ಹುಣ್ಣಿಮೆ ಮರೆತದ್ದು ಖರೆ. ಇಲ್ಲಿ ಯಾರೂ ಕಾಮಣ್ಣನಿಗೆ ಕದಿಯುವುದಿಲ್ಲ. ಎಲ್ಲರೂ ಕಟ್ಟಿಗೆ ಅಡ್ಡೆಯಲ್ಲಿ ರೊಕ್ಕ ಕೊಟ್ಟು, ಚೀಟಿ ಹಾಕಿಸಿ ತರುತ್ತಾರೆ. ಆದರೆ ಪದ್ಧತಿಯ ಮಾತನ್ನು ಕೋರ್ಟಿನಲ್ಲಿ ಎತ್ತಬೇಡ ಎಂದು ಅರ್ಜುನಪ್ಪ ಕೈ ಮುಗಿದು ಹೇಳಿದ್ದಾನೆ. "ಕಾಕಾ, ಪದ್ಧತಿ ಅಂದ್ರ ಕಳ್ಳತನ ಅಲ್ಲ ಅಂತಾತು. ಕಳ್ಳತನ ಅಲ್ಲ ಅಂದ್ರ ನೀವು ಯಾತರಿಂದ ರಕ್ಷಣಾ ಮಾಡ್ಕೊಂಡ್ರಿ?" ಅನ್ನುತ್ತಾನೆ.

ಅವನು ದಪ್ಪ ಪುಸ್ತಕ ಇಟ್ಟುಕೊಂಡು ಎರಡು ದಿನ ನನಗೆ ಪಾಠ ಮಾಡಿದ. ನಾನು ತಿಳಿದುಕೊಂಡಷ್ಟು ಸುಲಭವಿಲ್ಲ ಈ ಹಕ್ಕು. ಬರೀ ಕಳ್ಳ ಬಂದರೆ ಅವನನ್ನು ತಡೆಯಬಹುದು, ಹಿಡಿಯಬಹುದು, ಬೇಕಾದರೆ ನಾಲ್ಕು ಬಿಗಿಯಬಹುದು. ಆದರೆ ಎಷ್ಟು ಅವಶ್ಯವೋ ಅಷ್ಟೇ. ಒದರಿದರೆ ಓಡಿಹೋಗುವವನಿಗೆ ಗುಂಡು ಹಾರಿಸಿದರೆ ಅದು ಅವಶ್ಯಕ್ಕಿಂತ ಹೆಚ್ಚು. ಜೀವ ತೆಗೆಯುವಂಥ ಆಯುಧ ಎತ್ತಬೇಕಾದರೆ ಬಂದವನು ದರೋಡೆಕೋರನಾಗಿರಬೇಕು, ಇಲ್ಲವೆ ರಾತ್ರಿ ಮನೆ ಒಡೆದು ಒಳಗೆ ಬಂದಿರಬೇಕು, ಇಲ್ಲವೆ ಸತ್ತೇಹೋಗುತ್ತೇನೆ ಎಂಬ ಅಂಜಿಕೆ ಬರುವ ಹಾಗೆ ಮೈಮೇಲೆ ಬಂದಿರಬೇಕು. ಆ ಅಂಜಿಕೆಯೂ ಪುಕ್ಕಲನ ಅಂಜಿಕೆಯಾಗಿರದೆ ನಾಲ್ಕು ಮಂದಿ ಬುದ್ಧಿವಂತರು ಒಪ್ಪುವಂತಿರಬೇಕು.

ನಿನ್ನನ್ನು ಇದರಲ್ಲಿ ಎಲ್ಲಿ ಕೂಡಿಸುವುದು ಎಂದು ನಾವು ತಲೆ ಕೆಡಿಸಿಕೊಂಡಿದ್ದೇವೆ. (ಕೂಡಿಸುವುದು ಎಂದದ್ದಕ್ಕೆ ಸಿಟ್ಟಾಗಬೇಡ.) ಮನೆ ಒಡೆದ ಅನ್ನೋಣವೆಂದರೆ ಗೋಡೆಯೇನೂ ಮನೆಯಲ್ಲವಂತೆ. ರಾತ್ರಿ ಅನ್ನೋಣವೆಂದರೆ ಹೊತ್ತು ಮುಳುಗಿತ್ತೋ ಇಲ್ಲವೋ ಎಂದು ದುರಗವ್ವನನ್ನು ಕೇಳಿದರೆ "ನಾ ಹಾಲು ಕಾಸಾಕತ್ತಿದ್ದೆ, ಸೂರ್ಯನ್ನ ಯಾರು ನೋಡ್ಯಾರ" ಎಂದಳು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಗಾಯ ಆದ ಜಾಗ. ಅರ್ಜುನಪ್ಪ ಡಾಕ್ಟರರ ವರದಿ ಓದಿ ಹಣೆ ಹಣೆ ಬಡಿದುಕೊಂಡ. "ಮುಂದಿನಿಂದ ಬಿದ್ದಿದ್ರ ಚಿಂತಿ ಇರ್ಲಿಲ್ಲ ಕಾಕಾ. ಬೆನ್ನು ತೋರಿಸಿ ಹೊಂಟಾವ ಯಾರನ್ನ ಕೊಲ್ತಾನ?" ಅನ್ನುತ್ತಾನೆ.

ಉಳಿದದ್ದು ಒನಕೆ ಒಂದೇ. ಒನಕೆ ತಲೆಗೆ ಬಿದ್ದರೆ ಮನುಷ್ಯ ಸಾಯುತ್ತಾನೆ, ಇದನ್ನು ಯಾವ ಕೋರ್ಟೂ ಒಪ್ಪುತ್ತದೆ. ಆದ್ದರಿಂದ ನಿನ್ನಲ್ಲಿ ನನ್ನ ಅರಿಕೆ ಇಷ್ಟೇ. ಒನಕೆಯನ್ನು ಹೆಗಲ ಮೇಲೆ ಹೊತ್ತಿದ್ದೆ ಎನ್ನುವ ಬದಲು ಎತ್ತಿದ್ದೆ ಅಂದುಬಿಡು. ಕದಿಯಲು ಬಂದೆ ಎನ್ನುವ ಬದಲು ದರೋಡೆಗೆ ಬಂದೆ ಅನ್ನು. ಎರಡೇ ಮಾತು.

ನಿನ್ನ,
ಮೈಲಾರಪ್ಪ


ಗರಗ
೧೯ ಏಪ್ರಿಲ್ ೧೯೬೪

ಮೈಲಾರಪ್ಪ ಸಾಹೇಬರಿಗೆ,

ಮುಂದಿನಿಂದ ಬೀಳಲಿಲ್ಲ ಎಂದು ತಮಗೂ ತಮ್ಮ ವಕೀಲರಿಗೂ ಆದ ಬೇಸರ ತಿಳಿಯಿತು. ಗುಂಡು ಬರುವುದು ಮೊದಲೇ ಗೊತ್ತಿದ್ದರೆ ತಿರುಗಿ ನಿಲ್ಲುತ್ತಿದ್ದೆ.

ನಾನು ದರೋಡೆಕೋರನಲ್ಲ. ಕೋರ್ಟಿನಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇನ್ನು ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಶರೀಫಸಾಬ, ಬೀಗ ದುರಸ್ತಿ, ಕಮರಿಪೇಟೆ


ಕೇಶ್ವಾಪುರ
೨ ಮೇ ೧೯೬೪

ಶರೀಫ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಇದು ವಕೀಲನ ಕಾಗದವಲ್ಲ, ನನ್ನದು.

ಕೇಸು ಮುಗಿಯಲು ಎರಡು ದಾರಿ ಇವೆ. ಒಂದು, ನೀನು ರಾಜಿಗೆ ಒಪ್ಪುವುದು. ನೀನು ಒಪ್ಪಿ, ಮ್ಯಾಜಿಸ್ಟ್ರೇಟರೂ ಒಪ್ಪಿದರೆ ನನಗೆ ಜೈಲಿಲ್ಲ. ಆದರೆ ಬಂದೂಕು ಸರಕಾರಕ್ಕೆ ಹೋಗುತ್ತದೆ, ಲೈಸೆನ್ಸು ರದ್ದಾಗುತ್ತದೆ. ಇನ್ನೊಂದು ದಾರಿ, ನಾನು ಜೀವ ಉಳಿಸಿಕೊಳ್ಳಲು ಹೊಡೆದೆ ಎಂದು ತೋರಿಸುವುದು. ಹಾಗಾದರೆ ಬಂದೂಕು ಮನೆಗೆ ಬರುತ್ತದೆ. ಅದಕ್ಕೇ ನಾನು ನಿನ್ನ ಬೆನ್ನು ಬಿದ್ದದ್ದು.

ಒಂದು ಕಬ್ಬಿಣದ ನಳಿಗೆಗಾಗಿ ಗೆಳೆಯನನ್ನು ದರೋಡೆಕೋರ ಮಾಡುತ್ತೀಯಾ ಎಂದು ನೀನು ಕೇಳಬಹುದು. ದುರಗವ್ವ ಕೇಳಿಯಾಗಿದೆ. ಸಣ್ಣವರಿದ್ದಾಗ ನೀನು ನಮ್ಮ ಹಳ್ಳಿಗೆ ಬಂದಿದ್ದೆ. ಗೌಡರ ವಾಡೆಯ ಮುಂದೆ ಹಾಯುವಾಗ ನಮ್ಮಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡದ್ದನ್ನು ನೀನೂ ನೋಡಿದ್ದೀ. ನೀನು "ಕಾಕಾ, ಮುಳ್ಳು ಚುಚ್ಚತಾವ, ಹಾಕ್ಕೋರಿ" ಎಂದು ದೊಡ್ಡ ದನಿಯಲ್ಲಿ ಅಂದೆ. ಅಪ್ಪ ನಿನ್ನ ಬಾಯಿ ಮುಚ್ಚಿದ. ಆ ವಾಡೆಯ ಪಡಸಾಲೆಯ ಗೋಡೆಗೆ ಎರಡು ಬಂದೂಕು ತೂಗುಬಿದ್ದಿದ್ದವು. ಅಪ್ಪ ಅವುಗಳ ಕಡೆಗೆ ಕಣ್ಣೆತ್ತಿ ಸಹ ನೋಡುತ್ತಿರಲಿಲ್ಲ. ಕಲೆಕ್ಟರರ ಸಹಿ ಬಿದ್ದ ನನ್ನ ಲೈಸೆನ್ಸಿನಲ್ಲಿ ನನ್ನ ಹೆಸರಿದೆ, ಕೆಳಗೆ ತಂದೆಯ ಹೆಸರು ಎಂಬಲ್ಲಿ ಅಪ್ಪನ ಹೆಸರಿದೆ. ಅದನ್ನು ತಂದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ದುರಗವ್ವನಿಗೂ ಹೇಳಿಲ್ಲ.

ಆ ಬಂದೂಕಿನಿಂದ ಈವರೆಗೆ ನಾನು ಏನನ್ನಾದರೂ ಹೊಡೆದಿದ್ದರೆ ಅದು ನಿನ್ನೊಬ್ಬನನ್ನೇ. ಇಟ್ಟುಕೊಂಡು ಮಾಡುವುದೇನು ಎಂದರೆ, ಗೋಡೆಗೆ ತೂಗುಹಾಕುವುದು, ಅಷ್ಟೇ.

ಜೂನ್ ಹನ್ನೆರಡಕ್ಕೆ ಕೋರ್ಟು. ನಿನ್ನ ಮನಸ್ಸಿಗೆ ಬಂದಂತೆ ಹೇಳು.

ಮೈಲಾರಪ್ಪ


ಗರಗ
೧೧ ಮೇ ೧೯೬೪

ಮೈಲಾರಿ,

ನಿಮ್ಮಪ್ಪ ನನಗೂ ಅಪ್ಪನೇ. ಗೋಡೆಯಿಂದ ಬಿದ್ದಾಗ ಬೈದದ್ದು ಬೇರೆ ಮಾತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ಹೋಗಲಿ, ನಾನು ದರೋಡೆಕೋರ. ನಿಶ್ಚಯ ಮಾಡಿಬಿಟ್ಟಿದ್ದೇನೆ. ನಿನ್ನೆಯಿಂದ ತಾಲೀಮು ನಡೆದಿದೆ. ಕನ್ನಡಿಯಲ್ಲಿ ನೋಡಿಕೊಂಡೆ, ಮುಖಕ್ಕೆ ಆ ಕಳೆ ಇನ್ನೂ ಬಂದಿಲ್ಲ. ಮೀಸೆಯನ್ನು ಎಣ್ಣೆ ಹಚ್ಚಿ ತಿರುವಿದೆ. ಅಬೀದಾಳ ಕೈಕೂಸು ಅಳುವುದರ ಬದಲು ನಕ್ಕಿತು. ರೆಹಮತ್‌ಬಿ ಮ್ಯಾಜಿಸ್ಟ್ರೇಟಳಾಗಿ ರಾಟೆಯ ಹಿಂದೆ ಕೂತು ವಿಚಾರಣೆ ನಡೆಸಿದಳು.

"ಯಾಕ ಬಂದಿದ್ದಿ?"

"ದರೋಡೆ ಮಾಡಾಕ ಬಂದಿದ್ದೆರಿ."

"ಒನಕಿ ಯಾಕ ಎತ್ತಿದಿ?"

"ಮೈಲಾರಪ್ಪನ ತಲಿ ಒಡ್ಯಾಕ್ರಿ."

"ಮತ್ತ ಬೆನ್ನ ಯಾಕ ತಿರಿವಿದಿ?"

ಇಲ್ಲಿ ನಾನು ಸಿಕ್ಕುಬಿದ್ದೆ. ಬಹಳ ಹೊತ್ತು ವಿಚಾರ ಮಾಡಿ, "ಟಗರು ಹಾಯೂಕಿಂತ ಮೊದಲ ಹಿಂದ ಸರಿತೈತಲ್ರಿ, ಹಂಗ ಸರದಿದ್ದೆ" ಎಂದೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಇದನ್ನು ಅರ್ಜುನಪ್ಪನಿಗೆ ತಿಳಿಸು, ಅವನ ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಅಬೀದಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಅಬ್ಬಾ, ದರೋಡಿಖೋರ ಅಂತ ಕೋರ್ಟಿನ್ಯಾಗ ಬರಸ್ಕೊಂಡಾವನ ಅಂಗಡಿಗೆ ಯಾರು ಬೀಗ ತರತಾರ? ಮನಿ ಕೀಲಿ ಯಾರು ಕೊಡತಾರ?" ಎಂದು ಕೇಳಿದಳು. ಹೆಣ್ಣುಮಕ್ಕಳಿಗೆ ಹೀಗೆ ಏನಾದರೊಂದು ಚಿಂತೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಒಂದು ಮಗ್ಗುಲಲ್ಲಿ ಕೂಡ್ರಲು ಬರುತ್ತದೆ.

ಶರೀಫ


ಕೇಶ್ವಾಪುರ
೨೪ ಮೇ ೧೯೬೪

ಶರೀಫ,

ನಿನ್ನ ಉಪಕಾರವನ್ನು ಯಾವ ಜನ್ಮದಲ್ಲಿ ತೀರಿಸಲಿ. ಅರ್ಜುನಪ್ಪನಿಗೆ ಟಗರಿನ ಮಾತು ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. "ಅಷ್ಟೆಲ್ಲಾ ಬ್ಯಾಡ ಕಾಕಾ, ಅವರನ್ನ ಫೌಜದಾರ ಅಲ್ಲೇ ಹಿಡ್ಕೊಂಡು ಹೋದಾನು" ಎಂದ. ನೀನು ದರೋಡೆ ಎಂಬ ಒಂದು ಮಾತು ಅಂದರೆ ಸಾಕಂತೆ. ಉಳಿದದ್ದು ನಾನು ಹೇಳಬೇಕು. ಸಾಕ್ಷಿಕಟ್ಟೆ ಹತ್ತಿ, "ಶರೀಫಸಾಬ ನನ್ನನ್ನು ಕೊಲ್ಲುತ್ತಾನೆಂದು ಅಂಜಿ ಗುಂಡು ಹಾರಿಸಿದೆ" ಅನ್ನಬೇಕು. ಕೇಸಿನ ಜೀವವೆಲ್ಲ ಆ ಒಂದು ಮಾತಿನಲ್ಲಿದೆ.

ದಿನಾಲೂ ಬೆಳಿಗ್ಗೆ ರೂಢಿ ಮಾಡುತ್ತಿದ್ದೇನೆ. ಮೊದಲನೆಯ ದಿನ ದುರಗವ್ವನ ಎದುರಿಗೆ ಅಂದು ನೋಡಿದೆ. "ಯಾರು ಕೊಲ್ತಾರಂದ್ರಿ?" ಎಂದಳು. "ಶರೀಫ" ಎಂದೆ. ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇರಿವಿ ಕಡದ್ರ ಅದನ್ನ ಊದಿ ಬಿಡ್ತಾನ ಶರೀಫಣ್ಣ" ಎಂದಳು. ಎರಡನೆಯ ದಿನ ನಗಲಿಲ್ಲ. ಮೂರನೆಯ ದಿನದಿಂದ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ. ಊಟಕ್ಕೆ ತಾಟು ಬಡಿದು ಕರೆಯುತ್ತಾಳೆ.

ನಿನ್ನ ಅಂಗಡಿಯ ವಿಷಯ ಕೇಸು ಮುಗಿದ ಮೇಲೆ ನೋಡೋಣ. ಹನ್ನೆರಡಕ್ಕೆ ಬೇಗ ಬಾ.

ಮೈಲಾರಪ್ಪ


ಕೇಶ್ವಾಪುರ
೧೩ ಜೂನ್ ೧೯೬೪

ಶರೀಫ,

ನಿನ್ನೆ ಕೋರ್ಟಿನ ಅಂಗಳದಲ್ಲಿ ನಿನ್ನ ಮುಂದೆ ನಿಂತು ಬಿಸಿಲಿನ ಮಾತಷ್ಟೇ ಆಡಿದೆ. ಅಬೀದಾ ಬಸ್ಸು ತಪ್ಪುತ್ತದೆ ಎಂದಳು, ನೀವು ಹೊರಟುಹೋದಿರಿ. ನಿನ್ನ ಸಾಕ್ಷಿ ಮುಗಿದ ಮೇಲೆ ನೀನು ಕೂಡ್ರಲಾರದೆ ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಲು ಹೋಗಿದ್ದೆ. ಆಗ ಒಳಗೆ ಏನಾಯಿತೆಂದು ನನ್ನ ಕೈಯಿಂದಲೇ ಬರೆದು ತಿಳಿಸಬೇಕು.

ನೀನು ಹೇಳಿದ್ದನ್ನೆಲ್ಲ ನಾನು ಕೇಳುತ್ತಲೇ ಇದ್ದೆ. ದರೋಡೆಗೆ ಬಂದಿದ್ದೆ ಎಂದು ನೀನು ಹೇಳಿದೆ. ಸರಕಾರಿ ವಕೀಲರು "ಏನು ದರೋಡೆ ಮಾಡುವುದಿತ್ತು?" ಎಂದಾಗ "ಒನಕಿರಿ" ಎಂದೆ. "ಬೇರೆ ಏನೂ ಇಲ್ಲವೆ?" ಎಂದರೆ "ಅವನ ಮನ್ಯಾಗ ಒಯ್ಯೂವಂಥಾದ್ದು ಬ್ಯಾರೆ ಏನೂ ಇಲ್ರಿ" ಎಂದೆ. ಕೋರ್ಟೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಅವರು ನಿನ್ನ ಉದ್ಯೋಗ ಕೇಳಿದರು. ಬೀಗ ದುರಸ್ತಿ ಎಂದೆ. "ಈ ಹೇಳಿಕೆ ಆದ ಮೇಲೆ ಹುಬ್ಬಳ್ಳಿಯ ಜನ ನಿನ್ನ ಕೈಗೆ ಮನೆಯ ಕೀಲಿ ಕೊಡುತ್ತಾರೆಯೇ?" ಎಂದು ಕೇಳಿದರು. ನೀನು "ಕೊಡೂದಿಲ್ರಿ" ಎಂದೆ. ತಮಾಷೆಗೂ ಅನ್ನಲಿಲ್ಲ, ಸಿಟ್ಟಿನಿಂದಲೂ ಅನ್ನಲಿಲ್ಲ. ಇಂದು ಅಂಗಡಿ ತೆರೆಯುವುದಿಲ್ಲ ಎಂದು ಹೇಳುವ ಹಾಗೆ ಅಂದೆ.

ನನ್ನ ಸರದಿ ಬಂತು. ಅರ್ಜುನಪ್ಪ ಎದ್ದು ನಿಂತು, "ಶರೀಫಸಾಬ ನಿಮ್ಮನ್ನು ಕೊಲ್ಲುತ್ತಾನೆಂಬ ಅಂಜಿಕೆ ನಿಮಗೆ ಆಯಿತೋ ಇಲ್ಲವೋ?" ಎಂದು ಕೇಳಿದ. ನಾನು ದಿನಾಲೂ ಬೆಳಿಗ್ಗೆ ಬಾಯಿಪಾಠ ಮಾಡಿದ ಮಾತು ಗಂಟಲಿನವರೆಗೆ ಬಂತು.

"ಇಲ್ರಿ" ಎಂದೆ.

ಅವನು ತಪ್ಪಿ ಕೇಳಿಸಿತೆಂದು ಇನ್ನೊಮ್ಮೆ ಕೇಳಿದ. "ಇಲ್ರಿ ಸಾಹೇಬ್ರ. ಅವಗ ನಾ ಎಂದೂ ಅಂಜಿಲ್ಲ. ಒನಕಿ ಅಲ್ಲ, ತೋಪು ಹೊತ್ಕೊಂಡು ಬಂದ್ರೂ ಅಂಜೂದಿಲ್ಲ. ಅಂವ ದರೋಡಿಖೋರ ಅಲ್ರಿ, ನನ್ನ ಸಲುವಾಗಿ ಸುಳ್ಳು ಹೇಳ್ಯಾನ" ಎಂದೆ. ಅರ್ಜುನಪ್ಪನ ಕೈಯಿಂದ ಪುಸ್ತಕ ಬಿತ್ತು. ಪಾಪ, ಮೊದಲನೆಯ ಕೇಸು.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕೇಳಿದರು, "ಅಂಜಿಕೆ ಇರಲಿಲ್ಲ ಅಂದರೆ ಯಾಕೆ ಹೊಡೆದಿರಿ?"

ಅದಕ್ಕೆ ನಾನು ಉತ್ತರ ಕಲಿತು ಹೋಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಹೊಸಾ ಓಣಿರಿ. ನಾ ಬಂದು ಎರಡು ವರ್ಷಾತು. ಎದುರು ಮನಿಯವರು ಗೇಟಿನ್ಯಾಗ ನಿಂತು ಮಾತಾಡಿ ಹೋಗತಾರ, ಒಳಗ ಬಂದು ಒಂದು ವಾಟಗ ನೀರು ಕುಡಿಯೂದಿಲ್ಲ. ನಮ್ಮ ಮನಿಗೆ ಯಾರೂ ಬರೂದಿಲ್ರಿ. ಹಿಂಗಾಗಿ ಯಾರರೆ ಬಂದ್ರ ಕಳ್ಳನ ಇರಬೇಕು ಅಂತ ಅನಿಸ್ತರಿ."

ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಬರೆದರು. ಆಮೇಲೆ, ಕಾಯಿದೆ ಅಂಜಿದವನಿಗೆ ಆಸರೆ ಕೊಡುತ್ತದೆ, ಆದರೆ ಯಾರು ಎಂದು ಒಂದು ಮಾತು ಕೇಳುವ ತಾಳ್ಮೆ ಇಲ್ಲದವನಿಗೆ ಕೊಡುವುದಿಲ್ಲ ಎಂದರು. ಮುಂದಿನದು ನಿನಗೆ ಗೊತ್ತು. ನಿನ್ನನ್ನು ಒಳಗೆ ಕರೆಸಿದರು, ಸುಳ್ಳು ಸಾಕ್ಷಿಗೆ ಚೆನ್ನಾಗಿ ಗದರಿಸಿ ಬಿಟ್ಟರು, ರಾಜಿಗೆ ಒಪ್ಪಿಗೆಯೇ ಎಂದು ಕೇಳಿದರು. ಹೂಂ ಅನ್ನುವುದಕ್ಕೆ ನೀನು ಅಷ್ಟು ಅವಸರ ಮಾಡಬಾರದಿತ್ತು, ಪ್ರಶ್ನೆಯನ್ನಾದರೂ ಮುಗಿಸಗೊಡಬೇಕಿತ್ತು.

ಬಂದೂಕು ಹೋಯಿತು. ಗೋಡೆಯಲ್ಲಿ ಗೂಟ ಖಾಲಿ ಇದೆ. ರಾತ್ರಿ ಊಟಕ್ಕೆ ದುರಗವ್ವ ಬಾಯಿಬಿಟ್ಟು ಕರೆದಳು.

ನಾನು ನಿನ್ನನ್ನು ಹೊಡೆದೆ. ತಪ್ಪಾಯಿತು. ಇದನ್ನು ಮೊದಲನೆಯ ಕಾಗದದಲ್ಲೇ ಬರೆಯಬೇಕಿತ್ತು.

ಮೈಲಾರಿ


ಗರಗ
೧೭ ಜೂನ್ ೧೯೬೪

ಮೈಲಾರಿ,

ಈ ಕಾಗದವನ್ನು ಕೂತು ಬರೆಯುತ್ತಿದ್ದೇನೆ. ನಿನ್ನದನ್ನು ಅಬೀದಾಳ ಕೈಗೆ ಕೊಡಲಿಲ್ಲ, ನಾನೇ ಓದಿದೆ. ರೆಹಮತ್‌ಬಿ ಏನು ಬರೆದಿದ್ದಾನೆಂದು ಕೇಳಿದಳು. ನನಗೆ ಎಂದೂ ಅಂಜಿಲ್ಲವಂತೆ ಎಂದೆ. "ಕೋರ್ಟಿನ್ಯಾಗ ಹಿಂಗ ಮಾನಾ ಕಳೀಬಾರದಿತ್ತು" ಎಂದು ಮರುಗಿದಳು. ಅಷ್ಟು ತಾಲೀಮು ಮಾಡಿಸಿದವಳಿಗೆ ಬೇಸರವಾಗುವುದೇ.

ನೀನು ಎಲ್ಲವನ್ನೂ ಹೇಳಿದ ಮೇಲೆ ನಾನೂ ಒಂದು ಹೇಳಬೇಕು. ನಿನ್ನ ಮನೆಯ ವಾಸ್ತುಶಾಂತಿಗೆ ನಾನು ಬಂದಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಿನ್ನ ಗೇಟಿನ ಆ ಬೀಗವನ್ನು ಹೊಸ ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದೆ. ನಿನ್ನ ಹೊಸ ನೆರೆಯವರು ಕುರ್ಚಿಯ ಮೇಲೆ ಕೂತಿದ್ದರು. "ಇಂವ ನಮ್ಮ ಹಳೇ ಓಣ್ಯಾವ" ಎಂದು ನೀನು ಅವರಿಗೆ ಹೇಳಿದೆ. ಹೆಸರು ಹೇಳಲಿಲ್ಲ. ನೀನು ಗಡಿಬಿಡಿಯಲ್ಲಿದ್ದೆ, ಬೇಕಂತ ಮಾಡಿರಲಿಕ್ಕಿಲ್ಲ. ಆದರೆ ಬಹಳ ನೋವಾಯಿತು. ಇನ್ನು ಇವನು ಕರೆದ ಹೊರತು ಈ ಮನೆಗೆ ಬರಬಾರದು ಎಂದುಕೊಂಡು ಎದ್ದು ಬಂದೆ. ನೀನು ಕರೆಯಲಿಲ್ಲ. ಹಾಗೇ ಎರಡು ವರ್ಷ ಹೋದವು.

ಅಂಗಡಿಯಲ್ಲಿ ಕೂತಾಗ ನಿನ್ನ ನೆನಪಾಗುತ್ತಿತ್ತು. ಒಂದೆರಡು ಸಲ ಕೇಶ್ವಾಪುರದ ತಿರುವಿನವರೆಗೂ ಬಂದು ಹೊಳ್ಳಿ ಹೋಗಿದ್ದೇನೆ. ಈ ವರ್ಷ ಹುಣ್ಣಿಮೆ ಬಂತು. ಕದಿಯಲು ಹೋಗುವವನಿಗೆ ಯಾರೂ ಕರೆ ಕಳಿಸುವುದಿಲ್ಲವಲ್ಲ, ಹೋದರೆ ನನ್ನ ಮಾತೂ ಉಳಿಯುತ್ತದೆ ಎಂದು ಬಂದೆ. ಒನಕೆ ನನಗೆ ಯಾಕೆ ಬೇಕು? ಹಿತ್ತಲ ಮೂಲೆಯಲ್ಲಿದ್ದ ಅದನ್ನು ಹೆಗಲ ಮೇಲಿಟ್ಟುಕೊಂಡು ಗೋಡೆ ಹತ್ತಿದ ಮೇಲೆ ಲಗೂನ ಆ ಕಡೆ ಹಾರಬಹುದಿತ್ತು. ಹಾರಲಿಲ್ಲ. ನೀನು ಬಾಗಿಲಲ್ಲಿ ಕೂತದ್ದು ನನಗೆ ಕಂಡಿತ್ತು, ಬಂದೂಕು ಕಂಡಿರಲಿಲ್ಲ. ನೀನು ನೋಡಿ, ಒದರಿ, ಓಡಿ ಬಂದು ಕಾಲು ಹಿಡಿದು ಜಗ್ಗುತ್ತೀ ಎಂದು ಬೆನ್ನು ತಿರುಗಿಸಿಕೊಂಡು ಗೋಡೆಯ ಮೇಲೆಯೇ ಕಾಯುತ್ತ ಕೂತಿದ್ದೆ.

ಬರುವ ರವಿವಾರ ಊರಿಗೆ ಹೊರಡುತ್ತೇನೆ. ಮೊದಲು ನಿನ್ನ ಮನೆಗೆ ಬಂದು ಆಮೇಲೆ ಅಂಗಡಿ ತೆರೆಯುತ್ತೇನೆ. ನೀನು ಕರೆದಿಲ್ಲ, ಆದರೂ ಬರುತ್ತೇನೆ. ಮೆತ್ತನೆಯ ಗಾದಿ ಹಾಕಿಸಿಡು.

ಶರೀಫ